ಸೊಪ್ಪಿನ ಕೆಲಸ

ಅಲ್ ವುಕೈರ್, ಕತಾರ್
೯ ಸೆಪ್ಟೆಂಬರ್ ೨೦೦೫

ತನಿಯ,

ನಮ್ಮ ತೋಡಿನ ಮೀನುಗಳನ್ನು ಕೊಂದದ್ದು ನಿನ್ನ ಅಪ್ಪ ಅಲ್ಲ, ನಾನು. ಆ ನೀರು ಕುಡಿದು ಕೊನ್ಸೆಪ್ಟಾ ಬಾಯಿಯ ಗಬ್ಬದ ದನ ಸತ್ತದ್ದೂ ನನ್ನಿಂದಲೇ. ಮೂರು ವರ್ಷ ಐದು ತಿಂಗಳಿಂದ ಇದನ್ನು ಯಾರಿಗೂ ಹೇಳಿಲ್ಲ.

ಮೊದಲು ಕ್ಷೇಮ ಕೇಳಬೇಕು ಎಂದು ಮೇಷ್ಟ್ರು ಕಲಿಸಿದ್ದರು. ಅದನ್ನು ಕೇಳಲು ಹೋದರೆ ಮುಂದಿನದನ್ನು ಬರೆಯುವುದಿಲ್ಲ ಎಂದು ನನಗೆ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಕಾರ್ಡ್ ಹಿಡಿದು ನಿಂತವನ ಬೆನ್ನಿಗೆ ಆರು ಜನ ಕಾಯುತ್ತಿರುತ್ತಾರೆ. ನಾವಿಬ್ಬರೂ ಹುಟ್ಟಿದಾಗಿನಿಂದ ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯಲು ಕೂತರೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಪರೀಕ್ಷೆಯಿಂದ ನಾನು ಎದ್ದು ಬಂದವನು. ಇದನ್ನಾದರೂ ಮುಗಿಸುತ್ತೇನೆ.

ಹತ್ತನೆಯ ಕ್ಲಾಸು ಬಿಟ್ಟ ಮೇಲೆ ನಾನು ಎಲ್ಲಿಯೂ ಆರು ತಿಂಗಳು ನಿಂತವನಲ್ಲ. ಗ್ಯಾರೇಜ್, ಬೇಕರಿ, ಮಲ್ಪೆಯ ಬೋಟು, ಎಲ್ಲ ನೀನು ಕಂಡದ್ದೇ. ೨೦೦೨ರ ಜನವರಿಯಲ್ಲಿ ನಮ್ಮ ಸಿರಿಲ್ ಬಾಪ್ಪು ಕರೆದರು. ಅಪ್ಪನ ತಮ್ಮ ಕರೆದರೆ ಹೋಗದೆ ಇರುವುದುಂಟೇ? ಎಲ್ಲಿಗೆ ಹೋಗುತ್ತೀ ಎಂದು ಯಾರು ಕೇಳಿದರೂ ‘ಬಾಪ್ಪುವಿನ ಜೊತೆ ಸೊಪ್ಪಿನ ಕೆಲಸ’ ಎನ್ನುತ್ತಿದ್ದೆ. ನೀನೂ ಕೇಳಿದ್ದೆ. ದನದ ಹಟ್ಟಿಗೆ ಹಾಸುವ ಕಾಡುಸೊಪ್ಪು ಎಂದು ನೀವೆಲ್ಲ ತಿಳಿದಿರಿ. ಅದು ಬಂಗಿ ಸೊಪ್ಪು. ಗಾಂಜಾ. ನಾನು ಸುಳ್ಳು ಹೇಳಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ ಇತ್ತು.

ತೋಡು ಹುಟ್ಟುವ ಬಂಡೆಯ ಮೇಲಿನ ಇಳಿಜಾರು ನಿನಗೆ ಗೊತ್ತು. ದಾರಿಯಿಂದ ಕಾಣದ ಜಾಗ ಅದೊಂದೇ. ಅಲ್ಲಿನ ಪೊದೆಯನ್ನೆಲ್ಲ ಸವರಿ ನೆಲ ಬೋಳು ಮಾಡಿದೆವು. ಒಸರುವ ನೀರಿಗೆ ಅಡ್ಡ ಕಲ್ಲು ಇಟ್ಟು ಕಪ್ಪು ಪೈಪು ಹಾಕಿದೆವು. ಮೂಟೆಗಟ್ಟಲೆ ಯೂರಿಯಾ ಹೊತ್ತದ್ದು ನಾನು. ಬುಡಕ್ಕೆ ಹುಳ ಬೀಳಬಾರದೆಂದು ಬಾಪ್ಪು ನೇರಳೆ ಬಣ್ಣದ ಒಂದು ಹರಳನ್ನು ಬಿಳಿ ಚೀಲದಲ್ಲಿ ತಂದರು, ಅದರ ಮೇಲೆ ಏನೂ ಬರೆದಿರಲಿಲ್ಲ. ‘ಮುಷ್ಟಿ ತುಂಬ ಹಾಕು, ಜಿಪುಣತನ ಮಾಡ್ಬೇಡ’ ಎಂದರು. ಏಪ್ರಿಲ್ ಹದಿನೆಂಟರ ಬೆಳಿಗ್ಗೆ ಹಾಕಿ ಮುಗಿಸಿದೆ. ಸಂಜೆ ಗುಡುಗಿ ಮಳೆ ಬಂತು.

ಮರುದಿನ ತೋಡಿನ ಬದಿಯಲ್ಲಿ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನೀರು ಕಾಣದಷ್ಟು ಬಿಳಿ ಹೊಟ್ಟೆಗಳು. ‘ಯಾರ ಕೆಲಸ ಮಾರಾಯ ಇದು?’ ಎಂದು ಕೇಳಿದೆ. ‘ಗೊತ್ತಿಲ್ಲ’ ಎಂದೆ. ಆಗ ನನಗೆ ಬರೀ ಅನುಮಾನ ಇತ್ತು, ಖಚಿತವಾಗಿ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ವಿಷ ಹಾಕಿ ಮೀನು ಹಿಡಿದದ್ದು ನಿನ್ನ ಅಪ್ಪ, ದೇಜಪ್ಪಣ್ಣನೇ ಎಂದು ಊರೆಲ್ಲ ಮಾತಾದಾಗಲೂ ಬಾಯಿ ಬಿಡಲಿಲ್ಲ. ಜೂನಿನಲ್ಲಿ ಬಾಪ್ಪು ವೀಸಾ ತೆಗೆಸಿಕೊಟ್ಟರು. ನಿನಗೆ ಹೇಳದೆಯೇ ಹೊರಟು ಬಂದೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಇಲ್ಲಿಯ ನರ್ಸರಿಯಲ್ಲಿ ಖರ್ಜೂರದ ಸಸಿಗಳಿಗೆಂದು ಒಂದು ಹೊಸ ಚೀಲ ಬಿಚ್ಚಿದೆ. ಒಳಗೆ ಅದೇ ನೇರಳೆ ಹರಳು. ಚೀಲದ ಮೇಲೆ ಕೇಸರಿ ಚೌಕ, ಚೌಕದೊಳಗೆ ಒಂದು ಬೋಳು ಮರ, ಮರದ ಪಕ್ಕದಲ್ಲಿ ನೀರು, ನೀರಿನ ದಡದಲ್ಲಿ ಸತ್ತ ಮೀನು. ತನಿಯ, ಅದು ನಮ್ಮ ತೋಡಿನ ಚಿತ್ರ. ಈ ಮರಳುಗಾಡಿಗೆ ಬಂದು ಅದನ್ನು ಯಾರು ಬರೆದರು ಎಂದು ನಾನು ನಿಂತಲ್ಲೇ ನಿಂತೆ. ನಮ್ಮ ನೀರಿನ ಪೈಪುಗಳ ಉಸ್ತುವಾರಿ ನೋಡುವ ಉಡುಪಿ ಕಡೆಯ ಗೇಬ್ರಿಯಲ್ ಅಂಕಲ್ ಅಷ್ಟು ದೂರದಿಂದ ಓಡಿಬಂದರು. ‘ಬಾವಿಯ ಹತ್ತಿರ ಬಿಚ್ತೀಯಾ ಅದನ್ನು? ನೂರು ಹೆಜ್ಜೆ ಆಚೆ ಹೋಗು, ಇಲ್ಲಾಂದ್ರೆ ಕೈ ಮುರೀತೇನೆ!’ ಎಂದರು. ಆ ಬಾವಿಯ ನೀರು ಉಪ್ಪು, ಕುಡಿಯುವವರೇ ಇಲ್ಲ. ಅದಕ್ಕೂ ನೂರು ಹೆಜ್ಜೆ.

ನಿನ್ನ ಅಪ್ಪನಿಗೆ ಇದನ್ನು ಓದಿ ಹೇಳು.

ಜೋವಿನ್


ಕಲ್ಲಂಜಾಲು
೨ ಅಕ್ಟೋಬರ್ ೨೦೦೫

ಜೋವಿನ್,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಓದಿದರೆ ಹರಿದು ಬಿಸಾಡುತ್ತೇನೆ ಎಂದು ಹೆದರಿ ಜೀಪಿನ ಸೀಟಿನಡಿ ಇಟ್ಟಿದ್ದೇನೆ. ಎಂಟು ದಿನ ಅದರ ಮೇಲೆ ಕೂತು ಬಾಡಿಗೆ ಓಡಿಸಿದೆ. ಒಮ್ಮೆ ಜೀಪನ್ನು ಮೋರಿಗೆ ಇಳಿಸಿದೆ.

ನೀನು ಹೋದ ಮೇಲೆ ಏನಾಯಿತು ಎಂದು ನಿನಗೆ ಯಾರೂ ಹೇಳಿಲ್ಲ ಅನಿಸುತ್ತದೆ. ಕೇಳು.

ಆ ಮಳೆಗಾಲ ಕಳೆದ ಮೇಲೆ ಅಪ್ಪನನ್ನು ದೈವದ ಚಾವಡಿಗೆ ಕರೆದರು. ಪಂಚಾಯ್ತಿಯ ಯಜ್ಞೇಶಣ್ಣ, ‘ದೇಜಪ್ಪಣ್ಣ, ನೀವು ನೀರಿಗೆ ಏನೂ ಹಾಕಿಲ್ಲ ಅಂತ ದೈವದ ಎದುರು ಒಂದು ಮಾತು ಹೇಳಿ, ನಾವು ಎಲ್ಲ ಮರೆತುಬಿಡ್ತೇವೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಪ್ಪ ಮುಂದೆ ಹೋದರು. ಕೈ ಮುಗಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದರು.

‘ಹಾಕಿದ್ದೇನೆ’ ಎಂದರು.

‘ಎಂತ ಹಾಕಿದ್ದು?’

‘ಕಾರೆಕಾಯಿ. ಎರಡು ಮುಷ್ಟಿ, ಜಜ್ಜಿ. ಕೆಳಗಿನ ಗುಂಡಿಗೆ.’

ಕಾರೆಕಾಯಿ ಹಾಕಿದರೆ ಮೀನಿಗೆ ಅಮಲು ಬರುತ್ತದೆ, ಅಷ್ಟೇ. ಅಜ್ಜನ ಕಾಲದಿಂದ ಬೇಸಿಗೆಯಲ್ಲಿ ಹಾಕುತ್ತಾರೆ, ಅಲ್ಲಿ ಸೇರಿದ್ದ ಅರ್ಧ ಜನ ಹಾಕಿದವರೇ. ಆ ವಾರ ಹಾಕಿದ್ದು ಅಪ್ಪ ಒಬ್ಬರೇ. ಹಾಕಿದ್ದನ್ನು ಹಾಕಿಲ್ಲ ಎಂದು ಹೇಳಲಿಕ್ಕಾಗಲಿಲ್ಲ ಅವರಿಗೆ. ನೀನು ಈಗ ಬರೆದದ್ದನ್ನು ಓದಿದಾಗ ನಾನು ಮತ್ತೆ ಮತ್ತೆ ನಿಂತದ್ದು ಇಲ್ಲಿ, ಜೋವಿನ್. ಊರು ಹೊರಿಸಿದ್ದನ್ನು ಅಪ್ಪ ಹೊತ್ತದ್ದಲ್ಲ. ಅಷ್ಟೂ ಮೀನು, ಹೊಟ್ಟೆಯಲ್ಲಿ ಕರು ಇದ್ದ ದನ, ಎಲ್ಲ ತನ್ನ ಎರಡು ಮುಷ್ಟಿಯಿಂದ ಸತ್ತದ್ದು ಎಂದು ಅವರೇ ನಂಬಿದ್ದಾರೆ. ಅಂದಿನಿಂದ ಅವರು ತೋಡಿಗೆ ಇಳಿದಿಲ್ಲ. ಕಾಲು ತೊಳೆಯಲಿಕ್ಕೂ ಇಳಿದಿಲ್ಲ.

ಕಟ್ಟದ ಕೆಲಸ ಅಲ್ಲಿಗೇ ನಿಂತಿತು. ಡಿಸೆಂಬರಿನಲ್ಲಿ ತೋಡಿಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕಿದರೆ ಮಾರ್ಚಿನವರೆಗೂ ಬಾವಿಗಳಲ್ಲಿ ನೀರು ನಿಲ್ಲುತ್ತಿತ್ತಲ್ಲ, ಅದಕ್ಕೆ ಜಾಗ ಗುರುತಿಸುವುದು, ಮೊದಲ ಕಲ್ಲು ಇಡುವುದು ಅಪ್ಪ. ನೀರಿನ ಸದ್ದು ಕೇಳಿ ಇಲ್ಲಿ, ಇಲ್ಲಿ ಅಲ್ಲ ಎನ್ನುವವರು ಅವರೊಬ್ಬರೇ. ಮೊದಲ ವರ್ಷ ಯಜ್ಞೇಶಣ್ಣ ಸಿಮೆಂಟಿನ ಚೀಲಕ್ಕೆ ಮರಳು ತುಂಬಿಸಿ ಕಟ್ಟಿಸಿದರು. ಒಂಬತ್ತು ದಿನಕ್ಕೆ ಬದಿ ಕೊರೆದು ಹೋಯಿತು. ಆಮೇಲೆ ಯಾರೂ ಕೈ ಹಾಕಿಲ್ಲ. ಈಗ ಫೆಬ್ರವರಿಗೆ ಬಾವಿ ಒಣಗುತ್ತದೆ. ನಿನ್ನ ಅಮ್ಮನೂ ಟ್ಯಾಂಕರಿಗೆ ಕೊಡಪಾನ ಹಿಡಿದು ನಿಲ್ಲುತ್ತಾರೆ. ನಿನಗೆ ಬರೆದಿಲ್ಲವೇ?

ನಿನ್ನೆ ಬಂಡೆಯ ಮೇಲಕ್ಕೆ ಹತ್ತಿ ಹೋದೆ. ನಿನ್ನ ಕಪ್ಪು ಪೈಪು ಇನ್ನೂ ಉಂಟು. ಇಳಿಜಾರಿನಲ್ಲಿ ನನ್ನ ಸೊಂಟದಷ್ಟು ಆಳದ ಕೊರಕಲು. ಸವರಿದ ಜಾಗದಲ್ಲಿ ತರಗೆಲೆ ನಿಲ್ಲುತ್ತಿಲ್ಲ, ಮಣ್ಣೂ ನಿಲ್ಲುತ್ತಿಲ್ಲ. ಹಾಗಾಗಿ ನಿನ್ನ ಮಾತನ್ನು ನಾನು ನಂಬಿದ್ದೇನೆ.

ಅಪ್ಪನಿಗೆ ಇನ್ನೂ ಓದಿ ಹೇಳಿಲ್ಲ. ಹೇಗೆ ಓದಲಿ?

ತನಿಯ


ಅಲ್ ವುಕೈರ್
೧೯ ಅಕ್ಟೋಬರ್ ೨೦೦೫

ತನಿಯ,

ಹೇಗಾದರೂ ಓದು. ಇವತ್ತೇ ಓದು.

ದೇಜಪ್ಪಣ್ಣನನ್ನು ಊರವರು ಬೈದಿರಬಹುದು, ಆಮೇಲೆ ಮರೆತಿರಬಹುದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವರೇ ತಮ್ಮನ್ನು ಕೊಲೆಗಾರ ಎಂದುಕೊಂಡಿದ್ದಾರೆ ಎಂದು ಕನಸಿನಲ್ಲೂ ಹೊಳೆದಿರಲಿಲ್ಲ. ನಿನ್ನ ಕಾಗದ ಓದಿದ್ದು ಕ್ಯಾಂಪಿನ ಊಟದ ಹಾಲಿನಲ್ಲಿ. ತಟ್ಟೆ ಎತ್ತಿಕೊಂಡು ತೊಳೆಯುವಲ್ಲಿಗೆ ಹೋದೆ. ನಲ್ಲಿ ತಿರುಗಿಸಿದೆ. ನೀರು ಹೋಗುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ಹಿಂದೆ ಇದ್ದವನು ‘ಯಲ್ಲಾ, ಯಲ್ಲಾ’ ಎಂದು ನೂಕಿದ ಮೇಲೆಯೇ ಎಚ್ಚರವಾದದ್ದು. ಈ ನೀರನ್ನು ಸಮುದ್ರದಿಂದ ಎತ್ತಿ, ಕುದಿಸಿ, ಉಪ್ಪು ತೆಗೆದು ಇಲ್ಲಿಗೆ ಕಳಿಸುತ್ತಾರೆ. ನಮಗೆ ಬಂಡೆ ತಾನಾಗಿ ಕೊಡುತ್ತಿತ್ತು.

ಈಗ ರಮ್ಜಾನ್, ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ. ಗೇಬ್ರಿಯಲ್ ಅಂಕಲ್ ಮೆಸಯೀದಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ನೀರಿನ ವಿಭಾಗದಲ್ಲಿದ್ದವರು. ಅವರಿಗೆ ಎಲ್ಲ ಹೇಳಿದೆ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಪೊಲೀಸರದ್ದಾಗಲಿ ಪಾಪದ್ದಾಗಲಿ ಅಲ್ಲ.

‘ಒಸರಿಂದ ಎಷ್ಟು ದೂರ ನೆಟ್ಟದ್ದು?’

‘ಒಸರಿನ ಮೇಲೆಯೇ.’

‘ತಲೆ ಉಂಟಾ ನಿಮಗೆ? ಬೇರೆ ಜಾಗ ಸಿಗಲಿಲ್ವಾ?’

‘ಬೇರೆ ಕಡೆ ಹಾಕಿದರೆ ಕಾಣ್ತದೆ ಅಂಕಲ್.’

ಅವರು ಮರಳಿನ ಮೇಲೆ ಕಡ್ಡಿಯಿಂದ ಗುಡ್ಡ ಬರೆದರು, ತೋಡು ಬರೆದರು. ‘ನೋಡು, ಗಿಡಕ್ಕೆ ತಾನು ಕಳ್ಳ ಅಂತ ಗೊತ್ತಿಲ್ಲ. ಅದನ್ನು ಬಯಲಲ್ಲಿ ಹಾಕಿ, ಸೆಗಣಿ ಗೊಬ್ಬರ ಕೊಟ್ಟು, ಹನಿ ಹನಿ ನೀರು ಬಿಟ್ಟರೆ ಬದನೆ ಗಿಡಕ್ಕಿಂತ ಪಾಪದ್ದು, ಯಾರಿಗೂ ತೊಂದರೆ ಇಲ್ಲ. ಕಾನೂನು ಬಿಡೋದಿಲ್ಲ, ಅದು ಬೇರೆ ಮಾತು. ನೀವು ಪೊಲೀಸರಿಂದ ಅಡಗಿಸ್ಲಿಕ್ಕೆ ಹೋಗಿ ಊರಿನ ನೆತ್ತಿ ಮೇಲೆಯೇ ಇಟ್ಟಿರಿ. ನೆತ್ತಿ ಮೇಲೆ ಇಟ್ಟದ್ದು ಬಾಯಿಗೆ ಇಳಿಯದೆ ಮತ್ತೆಲ್ಲಿಗೆ ಹೋಗ್ತದೆ?’

ಇಲ್ಲಿ ನಾನು ಕುಂಡಗಳ ಕೆಳಗೆ ತಗಡು ಹಾಸುತ್ತೇನೆ, ಗೊಬ್ಬರದ ನೀರು ನೆಲಕ್ಕೆ ಇಳಿಯಬಾರದೆಂದು. ನೆಲದಲ್ಲಿರುವುದು ಬರೀ ಉಪ್ಪು ನೀರು. ಮೂರು ವರ್ಷ ತಗಡು ಹಾಸುವಾಗ ಒಂದು ದಿನವೂ ನನಗೆ ಬಂಡೆ ನೆನಪಾಗಲಿಲ್ಲ ಎಂದರೆ ನೀನು ನಂಬಬೇಡ. ನೆನಪಾಗುತ್ತಿತ್ತು.

ಅಮ್ಮನಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಜೋವಿನ್


ಕಲ್ಲಂಜಾಲು
೮ ನವೆಂಬರ್ ೨೦೦೫

ಜೋವಿನ್,

ಓದಿದೆ. ಎರಡು ಕಾಗದಗಳನ್ನೂ ಓದಿದೆ. ಅಪ್ಪ ಕತ್ತಿ ಮಸೆಯುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ನಕ್ಕರು.

‘ಪಾಪದ ಹುಡುಗ’ ಎಂದರು. ‘ನನ್ನ ಮೇಲೆ ಕನಿಕರ ಬಂದು ಬರೆದಿದ್ದಾನೆ. ದೂರ ಹೋದವರಿಗೆ ಹಾಗೆಲ್ಲ ಆಗ್ತದೆ.’

‘ಅಲ್ಲಪ್ಪ, ಅವನೇ ವಿಷ ಹಾಕಿದ್ದು ಅಂತ ಬರೆದಿದ್ದಾನಲ್ಲ!’

‘ಅವನು ಆ ವರ್ಷ ಸಿರಿಲ್ ಪೊರ್ಬುಗಳ, ಅವನ ಬಾಪ್ಪುವಿನ, ಜೊತೆ ಹೋಗುತ್ತಿದ್ದದ್ದು ಸೊಪ್ಪಿನ ಕೆಲಸಕ್ಕೆ. ನಾನೇ ಕೇಳಿದ್ದೆ, ಅವನೇ ಹೇಳಿದ್ದು. ಆ ಹುಡುಗ ಮೇಷ್ಟ್ರ ಎದುರು ನಿಂತು ‘ನನಗೆ ಓದಲು ಇಷ್ಟವಿಲ್ಲ’ ಅಂತ ಹೇಳಿ ಬಂದವನು. ಸುಳ್ಳು ಹೇಳುವ ಜಾತಿ ಅಲ್ಲ. ಹಟ್ಟಿಗೆ ಸೊಪ್ಪು ಕಡಿಯುವವನಿಗೆ ವಿಷ ಯಾಕೆ?’

ಸೊಪ್ಪು ಎಂದರೆ ಆ ಸೊಪ್ಪಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ‘ಹಾಗಾದರೆ ಅವನು ಅಂದು ಹೇಳಿದ್ದು ಸುಳ್ಳು ಅಂತೀಯಾ? ನನ್ನ ಮುಖ ನೋಡಿ ಹೇಳಿದ್ದು?’ ಎಂದು ನನ್ನನ್ನೇ ಗದರಿದರು. ನೀನು ಮುಖ ನೋಡಿ ಹೇಳಿದ್ದನ್ನು ಅವರು ಇಟ್ಟುಕೊಂಡಿದ್ದಾರೆ. ಕಾಗದದಲ್ಲಿ ಬಂದದ್ದನ್ನು ಮಡಚಿ ನನಗೇ ಕೊಟ್ಟರು.

ನಿನ್ನ ಬಾಪ್ಪುವಿನ ಹತ್ತಿರವೂ ಹೋದೆ. ‘ಜೋವಿನನಿಗೆ ಅಲ್ಲಿಯ ಬಿಸಿಲು ತಲೆಗೆ ಹತ್ತಿದೆ’ ಎಂದರು. ನಾನು ಪೈಪಿನ ಸುದ್ದಿ ಎತ್ತಿದೆ. ನನ್ನ ಹೆಗಲ ಮೇಲೆ ಕೈ ಹಾಕಿ, ‘ಈ ಬೇಸಿಗೆಗೆ ಮತ್ತೆ ಮಾಡುವ ಅಂತ ಉಂಟು ತನಿಯ. ಈ ಸಲ ವಿಷ ಇಲ್ಲ, ಬರೀ ಸೆಗಣಿ. ನಿನ್ನ ಜೀಪು ಬೇಕಾಗ್ತದೆ’ ಎಂದರು. ಅದೇ ಜಾಗದಲ್ಲಿ! ನಾನು ಇಲ್ಲ ಎನ್ನದೆ ಜೀಪು ಹತ್ತಿ ಬಂದುಬಿಟ್ಟೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದರೋ ಏನೋ.

ಡಿಸೆಂಬರ್ ಹನ್ನೊಂದು, ಭಾನುವಾರ, ಚಾವಡಿಯಲ್ಲಿ ಊರು ಸೇರುತ್ತದೆ. ಕಟ್ಟ ಹಾಕುವುದೋ, ಇನ್ನು ಶಾಶ್ವತವಾಗಿ ಬಿಟ್ಟು ಕೊಳವೆಬಾವಿ ಕೊರೆಸುವುದೋ ಎಂದು ಅಂದು ತೀರ್ಮಾನ. ಅಪ್ಪ ತೋಡಿಗೆ ಇಳಿಯುವುದಾದರೆ ಕಟ್ಟ, ಇಲ್ಲದಿದ್ದರೆ ಇಲ್ಲ. ಇಳಿಯಬೇಕಾದರೆ ನೀನು ಬಂದು ಅವರ ಮುಖ ನೋಡಿ ಹೇಳಬೇಕು. ಬಂದರೆ ನಿನಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಬಾ ಎಂದು ಹೇಳುವ ಮೊದಲು ಎರಡು ದಿನ ಯೋಚಿಸಿದೆ.

ಬಾ.

ತನಿಯ


ಅಲ್ ವುಕೈರ್
೨೫ ನವೆಂಬರ್ ೨೦೦೫

ತನಿಯ,

ರಜೆ ಕೇಳಲು ಅಲ್ ಹಿಲಾಲ್‌ನಲ್ಲಿರುವ ಕಂಪನಿಯ ಆಫೀಸಿಗೆ ಹೋಗಿದ್ದೆ. ಇಲ್ಲಿ ಯಜಮಾನರು ಚೀಟಿ ಕೊಡದೆ ವಿಮಾನ ಹತ್ತಲು ಬಿಡುವುದಿಲ್ಲ. ಪಾಸ್‌ಪೋರ್ಟೂ ಅವರ ಕಪಾಟಿನಲ್ಲೇ. ಹೊರಡುವಾಗ ಗೇಬ್ರಿಯಲ್ ಅಂಕಲ್ ಹೇಳಿದ್ದರು: ‘ಅಮ್ಮ ಸೀರಿಯಸ್ ಅಂತ ಬರಿ ಮಾರಾಯ. ಎಲ್ಲರೂ ಹಾಗೇ ಬರೆಯೋದು. ಈ ಕ್ಯಾಂಪಿನಲ್ಲಿ ಒಬ್ಬೊಬ್ಬನ ಅಮ್ಮ ನಾಲ್ಕು ನಾಲ್ಕು ಸಲ ಸತ್ತಿದ್ದಾರೆ.’

ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ ನಾನು ಕನ್ನಡದಲ್ಲಿಯೇ, ‘ನೀರಿಗೆ ವಿಷ ಹಾಕಿದ್ದನ್ನು ಒಪ್ಪಿಕೊಳ್ಳಲು’ ಎಂದು ಬರೆದೆ.

ಅರ್ಜಿ ತೆಗೆದುಕೊಳ್ಳುವವಳು ವೆನಿಟಾ, ಮಂಗಳೂರಿನವಳು. ಓದಿ ಅರ್ಜಿಯನ್ನು ನನ್ನ ಕಡೆಗೇ ತಳ್ಳಿದಳು.

‘ಇದೆಂತ ಬರ್ದದ್ದು ನೀನು? ಹುಚ್ಚಾ?’

‘ನಡೆದದ್ದು.’

‘ನಿನ್ನ ಕಾಲಿಗೆ ಬೀಳ್ತೇನೆ, ಹರಿದು ಹಾಕು. ಅಮ್ಮನಿಗೆ ಹುಷಾರಿಲ್ಲ ಅಂತ ನಾನೇ ಬರೀತೇನೆ.’

‘ಅಮ್ಮ ಗಟ್ಟಿಮುಟ್ಟಾಗಿದ್ದಾರೆ.’

ಅಷ್ಟರಲ್ಲಿ ಮುದೀರ್, ಅಂದರೆ ಮ್ಯಾನೇಜರು, ಹಿಂದೆ ಬಂದು ನಿಂತು ಏನು ಬರೆದಿದೆ ಎಂದು ಕೇಳಿದರು. ಅವಳಿಗೆ ಬೇರೆ ದಾರಿ ಇರಲಿಲ್ಲ, ಇಂಗ್ಲಿಷಿನಲ್ಲಿ ಓದಿ ಹೇಳಿದಳು. ನೀರು, ವಿಷ ಎಂಬ ಎರಡು ಶಬ್ದ ಕಿವಿಗೆ ಬಿದ್ದದ್ದೇ ತಡ ಅವರು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಯಾವ ನೀರು, ಯಾವ ಟ್ಯಾಂಕು, ಯಾವತ್ತು ಎಂದು ಕೂಗಾಡಿದರು. ಕಾವಲಿನವನು ಬಂದು ನನ್ನ ಎರಡೂ ಕೈ ಹಿಡಿದ. ವೆನಿಟಾ ಅಳುತ್ತ, ‘ಇಂಡಿಯಾ ಸರ್, ಇಂಡಿಯಾ! ಕತಾರ್ ಮಾಫಿ, ಮಾಫಿ!’ ಎನ್ನುತ್ತಿದ್ದಳು, ಕತಾರಿನದ್ದಲ್ಲ ಎಂದು. ನರ್ಸರಿಗೆ ಫೋನು ಹೋಯಿತು. ಗೇಬ್ರಿಯಲ್ ಅಂಕಲ್ ಬಂದು ಅರ್ಧ ಗಂಟೆ ವಿವರಿಸಿದ ಮೇಲೆ ಕಾವಲಿನವನು ಕೈ ಬಿಟ್ಟ. ತೋಳಿನಲ್ಲಿ ಅವನ ಬೆರಳಿನ ಗುರುತು ಈಗಲೂ ಉಂಟು.

ಮುದೀರ್ ರಜೆ ಇಲ್ಲ ಎಂದರು. ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಹೋಗುವುದಾದರೆ ಹೋಗು, ಮತ್ತೆ ಎರಡು ವರ್ಷ ಕತಾರಿಗೆ ಕಾಲಿಡುವಂತಿಲ್ಲ ಎಂದರು. ‘ಖಲಾಸ್?’ ಎಂದು ಕೇಳಿದರು.

‘ಖಲಾಸ್’ ಎಂದೆ.

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ನಾನು ಮೂರು ವರ್ಷ ನಿಂತ ಜಾಗ ಇದೊಂದೇ.

ಜೋವಿನ್


ಅಲ್ ವುಕೈರ್
೭ ಡಿಸೆಂಬರ್ ೨೦೦೫

ತನಿಯ,

ಈ ಕಾಗದ ನಿನಗೆ ಸಿಗುವಾಗ ಹನ್ನೊಂದನೆಯ ತಾರೀಕು ಕಳೆದಿರುತ್ತದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನನ್ನು ನಾನು ಬಲ್ಲೆ. ಬಾಂಬೆಯಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಕಾಲು ಬೇರೆ ಕಡೆ ತಿರುಗಬಹುದು. ಅಲ್ಲಿ ಹೋಟೆಲಿನಲ್ಲಿ ಕೆಲಸ ಕೊಡಿಸುವ ಊರವರು ಬೇಕಾದಷ್ಟು ಜನ ಇದ್ದಾರೆ. ನಾನು ಹನ್ನೊಂದಕ್ಕೆ ಬಾರದೆ ಇದ್ದರೆ, ಚಾವಡಿಯಲ್ಲಿ ಮತ್ತೊಮ್ಮೆ ಊರು ಸೇರಿಸಿ ಇದನ್ನು ಎಲ್ಲರ ಎದುರು ಗಟ್ಟಿಯಾಗಿ ಓದು. ಕೊನ್ಸೆಪ್ಟಾ ಬಾಯಿಯನ್ನೂ ಕರೆಸು. ಪೊಲೀಸರಿಗೆ ಕೊಡಬೇಕಾದರೆ ಕೊಡು.

ದೇಜಪ್ಪಣ್ಣ, ೨೦೦೨ರ ಏಪ್ರಿಲ್ ಹದಿನೆಂಟರಂದು ತೋಡಿನ ಬಂಡೆಯ ಮೇಲೆ ಗಾಂಜಾ ಗಿಡಗಳ ಬುಡಕ್ಕೆ ವಿಷದ ಹರಳು ಹಾಕಿದವನು ನಾನು, ಜೋವಿನ್. ಎಲ್ಲಿಗೆ ಹೋಗುತ್ತೀ ಮಗಾ ಎಂದು ನೀವು ದಾರಿಯಲ್ಲಿ ಕೇಳಿದಾಗ ನಿಮ್ಮ ಮುಖ ನೋಡಿ ನಾನು ಹೇಳಿದ ಮಾತು ಸುಳ್ಳು. ಶಬ್ದ ಸರಿಯಿತ್ತು, ಮಾತು ಸುಳ್ಳು. ನಿಮ್ಮ ಎರಡು ಮುಷ್ಟಿ ಕಾರೆಕಾಯಿಯಿಂದ ಒಂದು ಮೀನೂ ಸತ್ತಿಲ್ಲ.

ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ.

ಬಾಪ್ಪು ಮತ್ತೆ ಬಂಡೆಗೆ ಹತ್ತದ ಹಾಗೆ ಮಾಡುವುದು ನನ್ನ ಕೆಲಸ. ಇದನ್ನೂ ಓದು, ಅವರೂ ಕೇಳಲಿ. ಸೆಗಣಿ ಹಾಕಿದರೂ ಆ ಇಳಿಜಾರಿನಲ್ಲಿ ಬೇಡ. ಅಲ್ಲಿ ಮೊದಲು ಹುಲ್ಲು ಬರಬೇಕು, ಪೊದೆ ಬರಬೇಕು, ಕೊರಕಲಿಗೆ ಅಡ್ಡ ಕಲ್ಲು ಇಡಬೇಕು. ಹೇಗೆ ಇಡಬೇಕೆಂದು ಗೇಬ್ರಿಯಲ್ ಅಂಕಲ್ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ದೇಜಪ್ಪಣ್ಣನಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಮ್ಮನ ಉತ್ತರ ಮೊನ್ನೆ ಬಂತು. ಒಂದೇ ಸಾಲು. ‘ನೀನು ಬರುವ ದಿನ ಹೇಳು, ಟ್ಯಾಂಕರಿನ ದಿನವಾದರೆ ಎರಡು ಕೊಡಪಾನ ಹೆಚ್ಚು ಹಿಡಿಯುತ್ತೇನೆ’ ಎಂದು ಬರೆದಿದ್ದಾರೆ. ಬೈದಿಲ್ಲ.

ಪಾಸ್‌ಪೋರ್ಟ್ ಇವತ್ತು ಕೈಗೆ ಬಂತು. ಈ ಕಾಗದವನ್ನು ಈಗ ಪೆಟ್ಟಿಗೆಗೆ ಹಾಕಿ ಬರುತ್ತೇನೆ. ವಿಮಾನ ನಾಳೆ ಮಧ್ಯಾಹ್ನ. ನಾಳೆ ಹೊರಡುತ್ತೇನೆ.

ಜೋವಿನ್